ಗುರುವಾರ ಸಂಜೆ ಒಂದು ಭಾನುವಾರ

2025ರ ಸೆಪ್ಟೆಂಬರ್ 8, ಸೋಮವಾರ

ರಾತ್ರಿ ಹತ್ತೂವರೆ. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಮ್ಯೂಸಿಯಂನ ನಕ್ಷೆ ಇನ್ನೂ ಮೇಜಿನ ಮೇಲೆ ಹರಡಿಕೊಂಡಿದೆ. ಮಗಳು ಮುದ್ರಿಸಿ ಕೊಟ್ಟ ಆ ಹಾಳೆಗಳ ಮೇಲೆ ಮೂರು ದಿನಗಳಿಂದ ಪೆನ್ಸಿಲ್ ಗೆರೆ ಎಳೆಯುವುದು, ಅಳಿಸುವುದು ನಡೆದೇ ಇದೆ. ಒಂದೆರಡು ಕಡೆ ಕಾಗದ ಸವೆದು ನೂಲು ನೂಲಾಗಿದೆ.

ಗುರುವಾರ ಮಗಳಿಗೆ ಷಿಕಾಗೋದಲ್ಲಿ ಕಚೇರಿಯ ಕೆಲಸ. ಸಂಜೆ ನಾಲ್ಕೂವರೆಗೆ ಅಕ್ಕನನ್ನೂ ನನ್ನನ್ನೂ ಮ್ಯೂಸಿಯಂ ಬಾಗಿಲಲ್ಲಿ ಇಳಿಸಿ, ಏಳೂವರೆಗೆ ಬಂದು ಕರೆದುಕೊಂಡು ಹೋಗುತ್ತಾಳೆ. ಮಂಗಳವಾರ, ಬುಧವಾರ ಅಲ್ಲಿ ಬಾಗಿಲು ತೆರೆಯುವುದೇ ಇಲ್ಲ. ಉಳಿದ ದಿನಗಳಲ್ಲಿ ಸಂಜೆ ಐದಕ್ಕೆ ಮುಚ್ಚುತ್ತಾರೆ. ಗುರುವಾರ ಮಾತ್ರ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಅವಳ ಕೆಲಸ ಒಂದು ದಿನ ಮೊದಲೇ ಬಿದ್ದಿದ್ದರೆ ಹೊರಗಿನ ಕಂಚಿನ ಸಿಂಹಗಳೆರಡನ್ನೂ ನೋಡಿ ಹಿಂದಿರುಗಬೇಕಾಗಿತ್ತು.

ಹಾಗಾಗಿ ನಮ್ಮ ಕೈಯಲ್ಲಿರುವುದು ಮೂರು ಗಂಟೆ. ಅದರಲ್ಲಿ ನಲವತ್ತು ನಿಮಿಷ ಫ್ರೆಂಚ್ ಚಿತ್ರಕಾರ ಜಾರ್ಜ್ ಸ್ಯೂರಾಗೆ ಎಂದು ಮೊದಲ ದಿನವೇ ಬರೆದಿಟ್ಟೆ. ಆ ಗೆರೆಯನ್ನು ಮಾತ್ರ ಇವತ್ತು ರಾತ್ರಿಯವರೆಗೆ ಅಳಿಸಿರಲಿಲ್ಲ.

ಇಪ್ಪತ್ತಾರು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು ನಾನು. ಬಣ್ಣದ ಪಾಠ ಬಂದಾಗಲೆಲ್ಲ ಸ್ಯೂರಾನ ‘ಲಾ ಗ್ರಾಂದ್ ಜಾತ್ ದ್ವೀಪದಲ್ಲಿ ಒಂದು ಭಾನುವಾರ’ ಚಿತ್ರದ ಅಂಗೈಯಗಲದ ಮುದ್ರಣವನ್ನು ತೋರಿಸಿ, “ನೋಡಿ, ಇದೆಲ್ಲ ಚುಕ್ಕೆಗಳಿಂದಲೇ ಆಗಿದೆ” ಎನ್ನುತ್ತಿದ್ದೆ. ಒಂದು ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ಭೂತಗನ್ನಡಿ ತಂದಿದ್ದಳು. ಚುಕ್ಕೆಗಳನ್ನು ನೋಡಿ ಸಂಭ್ರಮಪಟ್ಟಳು. ಆಮೇಲೆ ಭೂತಗನ್ನಡಿಯನ್ನು ಪಕ್ಕದ ಪುಟಕ್ಕೆ ಸರಿಸಿ, “ಮಿಸ್, ಈ ಮಾವಿನಹಣ್ಣಿನ ಫೋಟೋದಲ್ಲೂ ಅವೇ ಚುಕ್ಕೆಗಳಿವೆ” ಎಂದಳು. ನಿಜವೇ. ಅವಳು ಕಂಡದ್ದು ಮುದ್ರಣ ಯಂತ್ರದ ಚುಕ್ಕೆಗಳು. ನಾಲ್ಕು ಬಣ್ಣಗಳ ಶಾಯಿಯಲ್ಲಿ ಪುಸ್ತಕದ ಪ್ರತಿ ಬಣ್ಣದ ಚಿತ್ರವೂ ಮೂಡುವುದು ಹಾಗೆಯೇ. ಸ್ಯೂರಾ ಇಟ್ಟ ಒಂದು ಚುಕ್ಕೆಯನ್ನೂ ನನ್ನ ಮಕ್ಕಳು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಅಷ್ಟು ವರ್ಷ ನೋಡದೆಯೇ ಕಲಿಸಿದ್ದೆ.

ಮೂಲಚಿತ್ರ ಎರಡು ಮೀಟರಿಗಿಂತ ಎತ್ತರ, ಮೂರು ಮೀಟರಿಗಿಂತ ಅಗಲ. 1884ರಲ್ಲಿ ಆರಂಭಿಸಿದಾಗ ಸ್ಯೂರಾಗೆ ಇಪ್ಪತ್ನಾಲ್ಕು ವರ್ಷ. ಮೊದಲ ಸುತ್ತಿನಲ್ಲಿ ಅವನು ಚುಕ್ಕೆ ಇಡಲೇ ಇಲ್ಲ. ಸಣ್ಣ ಸಣ್ಣ ಅಡ್ಡ ಗೀರುಗಳಲ್ಲಿ ಬಣ್ಣ ಹಚ್ಚಿದ. ಮರುವರ್ಷ ಮತ್ತೆ ಕೈಗೆತ್ತಿಕೊಂಡಾಗ ಅದರ ಮೇಲೆ ಚುಕ್ಕೆಗಳು ಬಂದವು. ಅಂಚಿನ ಬಣ್ಣದ ಪಟ್ಟಿಯನ್ನು ಸೇರಿಸಿದ್ದು ಇನ್ನೂ ಕೆಲವು ವರ್ಷಗಳ ನಂತರ. ಈ ಪದರಗಳನ್ನು ಹತ್ತಿರ ನಿಂತು ಬಿಡಿಸಿ ನೋಡಬೇಕು. ಹಾಗೆಯೇ ಹಿಂದೆ ಹಿಂದೆ ಸರಿಯುತ್ತ, ಎಷ್ಟನೆಯ ಹೆಜ್ಜೆಗೆ ಕಿತ್ತಳೆಯೂ ನೀಲಿಯೂ ಕೂಡಿ ಹುಲ್ಲಿನ ಮೇಲಿನ ನೆರಳಾಗುತ್ತದೆ ಎಂದು ಎಣಿಸಬೇಕು. ನಡುವೆ ಬಿಳಿ ಉಡುಪಿನ ಪುಟ್ಟ ಹುಡುಗಿಯೊಬ್ಬಳು ನೇರವಾಗಿ ನಮ್ಮತ್ತ ಮುಖ ಮಾಡಿ ನಿಂತಿದ್ದಾಳಲ್ಲ, ಅವಳ ಎದುರಿನಿಂದಲೇ ಎಣಿಕೆ ಶುರು. ಇದೆಲ್ಲ ಜನರ ನಡುವೆ ಆಗಬೇಕಾದ ಕೆಲಸವಾದ್ದರಿಂದ ಹತ್ತು ನಿಮಿಷ ಸಾಲದು. ನಲವತ್ತೇ ಬೇಕು.

ಇನ್ನೊಂದು ಕಾರಣವೂ ಇದೆ. 1958ರಲ್ಲಿ ಈ ಚಿತ್ರವನ್ನು ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂಗೆ ಪ್ರದರ್ಶನಕ್ಕೆ ಕಳುಹಿಸಿದ್ದಾಗ ಅಲ್ಲಿ ಬೆಂಕಿ ಬಿತ್ತು. ಚಿತ್ರ ಉಳಿಯಿತು, ಆದರೆ ಅಂದಿನಿಂದ ಅದನ್ನು ಎರವಲು ಕೊಟ್ಟಿಲ್ಲ. ನೋಡಬೇಕೆಂದವರು ಅದು ಇರುವಲ್ಲಿಗೇ ಹೋಗಬೇಕು.

ಅಕ್ಕನದು ಬೇರೆಯೇ ಹಂಬಲ. ಗುರುವಾರ ಯಾವ ತಾರೀಖು ಎಂದು ಮೊದಲು ಗಮನಿಸಿದ್ದೂ ಅವಳೇ. ಸೆಪ್ಟೆಂಬರ್ 11. 1893ರಲ್ಲಿ ಇದೇ ದಿನ, ಇದೇ ಕಟ್ಟಡದಲ್ಲಿ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ತಮ್ಮ ಮೊದಲ ಭಾಷಣ ಮಾಡಿದರು. ಆ ವರ್ಷ ಷಿಕಾಗೋದಲ್ಲಿ ನಡೆದ ಜಾಗತಿಕ ಮೇಳದ ಅಂಗವಾದ ಇಂಥ ಸಮ್ಮೇಳನಗಳು ಮುಗಿದ ಮೇಲೆ ಕಟ್ಟಡ ಮ್ಯೂಸಿಯಂನ ಪಾಲಿಗೆ ಬಂತು. “ಆ ಸಭಾಂಗಣದಲ್ಲಿ ಐದು ನಿಮಿಷ ಕೂತರೆ ನನಗೆ ಸಾಕು, ಉಳಿದದ್ದನ್ನೆಲ್ಲ ನೀನು ನೋಡಿಕೊ” ಎಂದಳು ಅಕ್ಕ. ಅದು ಆ ಸಮ್ಮೇಳನಗಳಿಗೆಂದು ತಾತ್ಕಾಲಿಕವಾಗಿ ಕಟ್ಟಿದ್ದ ಸಭಾಂಗಣ, ಈಗ ಇಲ್ಲ ಎಂದು ಹೇಳಬೇಕಾಗಿ ಬಂದಾಗ ಅವಳ ಮುಖ ನೋಡಲಾಗಲಿಲ್ಲ. ಆಮೇಲೆ ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ತೋರಿಸಿದೆ. 2010ರ ಸೆಪ್ಟೆಂಬರ್ 11ರಂದು ಕಲಾವಿದ ಜಿತೀಶ್ ಕಲ್ಲಟ್ ಅಲ್ಲಿನ ದೊಡ್ಡ ಮೆಟ್ಟಿಲಸಾಲಿನ 118 ಮೆಟ್ಟಿಲುಗಳ ಮೈಮೇಲೆ ಆ ಭಾಷಣವನ್ನು ಬೆಳಕಿನ ಅಕ್ಷರಗಳಲ್ಲಿ ಮೂಡಿಸಿದರು. ಅಕ್ಷರಗಳಿಗೆ ಐದು ಬಣ್ಣ: 2001ರ ಅದೇ ತಾರೀಖಿನ ದಾಳಿಯ ನಂತರ ಅಮೆರಿಕ ಸರ್ಕಾರ ಭಯೋತ್ಪಾದನೆಯ ಎಚ್ಚರಿಕೆಗೆಂದು ಬಳಸುತ್ತಿದ್ದ ಬಣ್ಣಗಳು. ಸಹಿಷ್ಣುತೆಯ ಮಾತನ್ನು ಭಯದ ಬಣ್ಣದಲ್ಲಿ ಓದುತ್ತ ಜನ ಮೆಟ್ಟಿಲೇರಿದರು. ಅಕ್ಕ ಬಹಳ ಹೊತ್ತು ಆ ಫೋಟೋ ನೋಡುತ್ತ ಕೂತಿದ್ದಳು. “ಹಾಗಾದರೆ ಆ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತೇನೆ” ಎಂದಳು.

ಹತ್ತುವುದಂತೂ ಸಾಧ್ಯವಿಲ್ಲ, ಅವಳ ಮೊಣಕಾಲು ಅಷ್ಟಕ್ಕೆ ಒಪ್ಪುವುದಿಲ್ಲ. ಒಳಗೆ ಗಾಲಿಕುರ್ಚಿ ಕೊಡುತ್ತಾರೆ. “ನನಗೇಕೆ ಅದು?” ಎಂದು ಎರಡು ದಿನ ಮುನಿಸಿಕೊಂಡಿದ್ದಳು. ಇಂದು ಮಗಳು, “ದೊಡ್ಡಮ್ಮ, ಕುರ್ಚಿಯಲ್ಲಿ ಕೂತರೆ ಚಿತ್ರದ ಮುಂದೆ ಎಷ್ಟು ಹೊತ್ತಾದರೂ ಇರಬಹುದು, ನಿಂತವರಿಗೆ ಆ ಭಾಗ್ಯವಿಲ್ಲ” ಎಂದು ಒಪ್ಪಿಸಿದಳು. ಸ್ಯೂರಾ ಇರುವುದು ಎರಡನೆಯ ಮಹಡಿಯ 240ನೆಯ ಕೋಣೆಯಲ್ಲಿ. ಲಿಫ್ಟ್ ಇದೆ.

ಇನ್ನು ಬಿಡುವ ಕಷ್ಟ. ಎಷ್ಟೊಂದನ್ನು ಬಿಡಬೇಕು! ಕೊನೆಗೆ ನನಗೆ ನಾನೇ ಒಂದು ಅಳತೆಗೋಲು ಮಾಡಿಕೊಂಡೆ: ಮುದ್ರಣದಲ್ಲಿ ಯಾವುದು ಹೆಚ್ಚು ಕೆಡುತ್ತದೋ ಅದನ್ನು ನೋಡುವುದು, ಯಾವುದು ಅಷ್ಟಿಷ್ಟು ಉಳಿಯುತ್ತದೋ ಅದನ್ನು ಬಿಡುವುದು. ಗ್ರಾಂಟ್ ವುಡ್‌ನ ‘ಅಮೆರಿಕನ್ ಗಾಥಿಕ್’ ಅಲ್ಲಿದೆ, 1930ರದು. ಕವೆಗೋಲು ಹಿಡಿದ ರೈತ, ಪಕ್ಕದಲ್ಲಿ ಮಗಳು. ರೈತನಿಗೆ ಮಾದರಿಯಾಗಿ ನಿಂತವರು ವುಡ್‌ನ ದಂತವೈದ್ಯರು, ಮಗಳಿಗೆ ಅವನ ತಂಗಿ. ಅದು ಚಿಕ್ಕ ಚಿತ್ರ, ಗೆರೆಗಳು ಖಚಿತ, ಪುಸ್ತಕದಲ್ಲೂ ಬಹುಪಾಲು ಉಳಿದುಕೊಂಡಿದೆ. ಬಿಟ್ಟೆ. ಕಾಯಿಬೋಟ್ ಬಿಡಿಸಿದ ಮಳೆಯ ದಿನದ ಪ್ಯಾರಿಸ್ ಬೀದಿಯ ಚಿತ್ರ ಈಗ ಅಕ್ಟೋಬರ್ 5ರವರೆಗಿನ ವಿಶೇಷ ಪ್ರದರ್ಶನದಲ್ಲಿದೆ. ಒಳಗೆ ಕಾಲಿಟ್ಟರೆ ಗಂಟೆಯೊಂದು ಹೋಯಿತೆಂದೇ ಲೆಕ್ಕ. ಅದನ್ನೂ ಬಿಟ್ಟೆ, ನೋವಿನಿಂದ. ಚಿತ್ರಕಾರ ಕ್ಲೋದ್ ಮೊನೆ ಬಿಡಿಸಿದ ಗೋಧಿಯ ಬಣವೆಗಳು ಸ್ಯೂರಾ ಇರುವ ಮಹಡಿಯಲ್ಲೇ ಇವೆ. ಅದೇ ಬಣವೆ ಬೆಳಕು ಬದಲಾದಂತೆ ಬೇರೆ ಬೇರೆ ಬಣ್ಣ ತಾಳುವ ಆರು ಚಿತ್ರಗಳು ಈ ಮ್ಯೂಸಿಯಂನಲ್ಲಿವೆ. ಅಲ್ಲಿ ಹತ್ತು ನಿಮಿಷ.

ಅಲ್ಲಿಂದ ಕೆಳಗಿಳಿದು, ರೈಲು ಹಳಿಗಳ ಮೇಲೆ ಸೇತುವೆಯಂತೆ ಹಾದುಹೋಗುವ ಏಷ್ಯಾದ ಶಿಲ್ಪಗಳ ಅಂಕಣ. ಚೋಳರ ಕಾಲದ ನಟರಾಜನೂ ಅಲ್ಲಿದ್ದಾನೆ. ಅದನ್ನು ದಾಟಿದರೆ ಚಿತ್ರಕಾರ ಶಗಾಲ್‌ನ ಬಣ್ಣದ ಗಾಜಿನ ಕಿಟಕಿಗಳು, 1977ರವು. ಬೆಳಕು ತೂರಿಬರುವ ನೀಲಿಯನ್ನು ಯಾವ ಕಾಗದ ತಾನೇ ಹಿಡಿದೀತು! ಕೊನೆಗೆ 109ನೆಯ ಕೋಣೆ. ಜಪಾನಿನ ಮಡಿಕೆ ಪರದೆಗಳಿಗಾಗಿ ವಾಸ್ತುಶಿಲ್ಪಿ ತಡಾವೊ ಆಂಡೊ ವಿನ್ಯಾಸ ಮಾಡಿದ್ದು. ಮಂದ ಬೆಳಕು, ಹದಿನಾರು ಮರದ ಕಂಬಗಳು; ಕಂಬಗಳ ನಡುವಿನಿಂದ ಪರದೆಗಳನ್ನು ನೋಡಬೇಕು. ಅಷ್ಟು ಬಣ್ಣ ಕಂಡ ಕಣ್ಣಿಗೆ ಆ ಕತ್ತಲೆ ಬೇಕಾಗುತ್ತದೆ.

ಹಾಪರ್‌ನ ‘ನೈಟ್‌ಹಾಕ್ಸ್’ ಚಿತ್ರದ ವಿಷಯ ಮಾತ್ರ ಇತ್ಯರ್ಥವಾಗಿರಲಿಲ್ಲ. ನಡುರಾತ್ರಿಯ ಬೀದಿ, ಗಾಜಿನ ಹಿಂದೆ ನಾಲ್ವರು, ಹೊರಗಿನಿಂದ ಒಳಹೋಗಲು ಒಂದು ಬಾಗಿಲೂ ಕಾಣದು. ಮೂರು ಸಲ ಅಳಿಸಿದೆ, ಮೂರು ಸಲ ಬರೆದೆ. ಇವತ್ತು ಊಟದ ನಂತರ ಅಕ್ಕ ಪೆನ್ಸಿಲ್ ಕಿತ್ತುಕೊಂಡು, ತನ್ನ ಮೆಟ್ಟಿಲ ಬುಡಕ್ಕೆಂದು ಇಟ್ಟಿದ್ದ ಹದಿನೈದು ನಿಮಿಷವನ್ನು ಐದಕ್ಕೆ ಇಳಿಸಿ, ಉಳಿದ ಹತ್ತನ್ನು ಹಾಪರ್ ಹೆಸರಿನ ಮುಂದೆ ಬರೆದಳು. ನಾನು ಬೇಡವೆಂದೆ. ಅವಳು ನಕ್ಷೆ ಮಡಚಿಟ್ಟು ಮಲಗಲು ಹೋದಳು.

ಅವಳು ಹೋದ ಮೇಲೆ ಮತ್ತೆ ಬಿಚ್ಚಿ, ಸ್ಯೂರಾನ ನಲವತ್ತನ್ನು ಮೂವತ್ತು ಮಾಡಿ, ಅವಳ ಹದಿನೈದನ್ನು ಅವಳಿಗೇ ಬರೆದಿದ್ದೇನೆ.

ದೊಡ್ಡ ಚೀಲ ಬೇಡ. ಅಕ್ಕನಿಗೆ ಶಾಲು. ನನಗೆ ಟಿಪ್ಪಣಿ ಪುಸ್ತಕ, ಪೆನ್ಸಿಲ್. ಆ ಹಳೆಯ ಪಾಠದ ಹಾಳೆಯನ್ನೂ ಒಯ್ಯುತ್ತೇನೆ. ಸ್ಯೂರಾ ಬಳಸಿದ ಒಂದು ಹಳದಿ ಬಣ್ಣ ಕೆಲವೇ ವರ್ಷಗಳಲ್ಲಿ ಕಂದಿ ಮಣ್ಣುಬಣ್ಣಕ್ಕೆ ತಿರುಗಿತು. ಬಿಸಿಲು ಬಿದ್ದ ಹುಲ್ಲಿನಲ್ಲಿ ಆ ಚುಕ್ಕೆಗಳು ಎಲ್ಲೆಲ್ಲಿವೆ ಎಂದು ಹುಡುಕಿ ಹಾಳೆಯ ಅಂಚಿನಲ್ಲಿ ಗುರುತು ಮಾಡಿಕೊಳ್ಳಬೇಕು. ಮಡಚಿದರೆ ಹರಿದೀತೆಂದು ಈ ದಿನಚರಿಯ ಪುಟಗಳ ನಡುವೆ ಇಟ್ಟಿದ್ದೇನೆ.