ಸುಕ್ಕು ಬೀಳದ ಹಾಗೆ ಕಾರ್ಪೆಟ್ ಹಾಕಿಕೊಳ್ಳುವುದು

ಗೋಡೆಯಿಂದ ಗೋಡೆಗೆ ಹಾಕಿದ ಕಾರ್ಪೆಟ್ ಕೆಲವೇ ತಿಂಗಳಲ್ಲಿ ಅಲೆಅಲೆಯಾಗಿ ಎದ್ದರೆ ಬೈಸಿಕೊಳ್ಳುವುದು ಕಾರ್ಪೆಟ್ಟು. ತಪ್ಪು ಬಹಳ ಸಲ ಅದರದ್ದಲ್ಲ, ಸಾಕಷ್ಟು ಬಿಗಿಯಾಗಿ ಎಳೆಯದೆ ಬಿಟ್ಟವರದ್ದು. ಎಳೆದು ಹಾಕುವ ಈ ವಿಧಾನದಲ್ಲಿ ಕಾರ್ಪೆಟ್ಟನ್ನು ನೆಲಕ್ಕೆ ಅಂಟಿಸುವುದಿಲ್ಲ. ಗೋಡೆಯ ಬುಡದುದ್ದಕ್ಕೂ ಮೊನೆ ಮೇಲೆದ್ದಿರುವ ಮರದ ಪಟ್ಟಿ, ಅಂದರೆ ಟ್ಯಾಕ್ ಸ್ಟ್ರಿಪ್ ಹೊಡೆದು, ಅದಕ್ಕೆ ಸಿಕ್ಕಿಸಿ ಎಳೆದು ನಿಲ್ಲಿಸುತ್ತಾರೆ. ಉಳಿದ ಕೆಲಸವೆಲ್ಲ ಆ ಎಳೆತಕ್ಕೆ ತಯಾರಿ.

ಮೊದಲು ಅಳತೆ. ಕಾರ್ಪೆಟ್ ರೋಲ್ ಸಾಮಾನ್ಯವಾಗಿ 12 ಅಡಿ ಅಗಲ ಬರುತ್ತದೆ, 4 ಮೀಟರಿನದೂ ಇದೆ. ಕೋಣೆ 11 ಅಡಿಗೆ 14 ಅಡಿ ಅಂದುಕೊಳ್ಳಿ. ಪ್ರತಿ ಬದಿಗೂ ಕನಿಷ್ಠ 3 ಇಂಚು ಹೆಚ್ಚುವರಿ ಬೇಕು, ಆದ್ದರಿಂದ 12 ಅಡಿ ರೋಲಿನಲ್ಲಿ 14.5 ಅಡಿ ಕತ್ತರಿಸಿದರೆ ಜೋಡಣೆಯೇ ಇಲ್ಲದೆ ಮುಗಿಯುತ್ತದೆ. ಅಗಲ 13 ಅಡಿಯಾದರೆ ಸೀಮ್, ಅಂದರೆ ಎರಡು ತುಂಡುಗಳ ಜೋಡಣೆ, ತಪ್ಪಿದ್ದಲ್ಲ. ಆಗ ಎರಡೂ ತುಂಡಿನಲ್ಲಿ ನೂಲು ಒಂದೇ ಕಡೆಗೆ ಬಾಗಿರಬೇಕು. ಉಳಿತಾಯಕ್ಕೆಂದು ಒಂದು ತುಂಡನ್ನು ತಿರುಗಿಸಿ ಹಾಕಿದರೆ ಒಂದೇ ರೋಲಿನದಾದರೂ ಎರಡು ಬಣ್ಣದ ಹಾಗೆ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಸೀಮ್ ಬಾಗಿಲಿನೆದುರು, ಓಡಾಡುವ ಜಾಗದಲ್ಲಿ ಬೀಳಬಾರದು. ಕಿಟಕಿಯ ಬೆಳಕು ಅದರ ಉದ್ದಕ್ಕೇ ಹರಿಯುವ ಹಾಗಿದ್ದರೆ ಕಣ್ಣಿಗೆ ಕಡಿಮೆ ಕುಕ್ಕುತ್ತದೆ.

ಸಿಮೆಂಟ್ ನೆಲವಾದರೆ ತೇವ ನೋಡಿಕೊಳ್ಳಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಕೆಳಗೆ ನೀರಹನಿ ಕೂತಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವದ ಮೂಲ ಸರಿಮಾಡುವವರೆಗೆ ಕಾರ್ಪೆಟ್ ಬೇಡ. ಅಡಿಯಲ್ಲಿ ಬೂಸ್ಟು ಹಿಡಿದರೆ ಮೇಲಿಂದ ಎಷ್ಟು ತೊಳೆದರೂ ವಾಸನೆ ಹೋಗದು.

11×14 ಕೋಣೆಯ ಸುತ್ತಳತೆ 50 ಅಡಿ. 3 ಅಡಿ ಬಾಗಿಲು ಕಳೆದರೆ 47. ಪಟ್ಟಿಗಳು 4 ಅಡಿ ಉದ್ದ ಇರುವುದರಿಂದ 12 ಸಾಕು, ಕತ್ತರಿಸುವಾಗ ಹಾಳಾಗುವುದಕ್ಕೆ ಇನ್ನೆರಡು ಇರಲಿ. ಮೊನೆಗಳು ಗೋಡೆಯ ಕಡೆಗೆ ವಾಲಿರಬೇಕು; ಕೋಣೆಯ ಕಡೆಗೆ ವಾಲಿದರೆ ಕಾರ್ಪೆಟ್ ಹಿಡಿಯದೆ ಜಾರುತ್ತದೆ. ಗೋಡೆಗೂ ಪಟ್ಟಿಗೂ ನಡುವೆ ಕಾರ್ಪೆಟ್ಟಿನ ದಪ್ಪಕ್ಕಿಂತ ತುಸು ಕಡಿಮೆ ಸಂದು ಬಿಡಿ. ಕಾರ್ಪೆಟ್ 10 ಮಿ.ಮೀ. ದಪ್ಪವಿದ್ದರೆ 6–7 ಮಿ.ಮೀ. ಸಂದು ಸರಿ. ಹೆಚ್ಚಾದರೆ ತುರುಕಿದ ಅಂಚು ಆಚೆ ಬರುತ್ತದೆ, ಕಡಿಮೆಯಾದರೆ ಅಂಚು ಒಳಗೇ ಹೋಗುವುದಿಲ್ಲ. ಸಣ್ಣ ತುಂಡಾದರೂ ಕನಿಷ್ಠ ಎರಡು ಮೊಳೆ ಬೇಕು, ಒಂದೇ ಇದ್ದರೆ ತಿರುಗುತ್ತದೆ. ಟೈಲ್ಸ್ ನೆಲಕ್ಕೆ ಮೊಳೆ ಹೊಡೆದರೆ ಬಿರುಕು ಖಂಡಿತ. ಅಲ್ಲಿ ಪಟ್ಟಿಯನ್ನು ಗಟ್ಟಿ ಅಂಟಿನಲ್ಲಿ ಕೂರಿಸಿ, ಪೂರ್ತಿ ಒಣಗುವವರೆಗೆ ಮುಟ್ಟದಿರುವುದೇ ಒಳ್ಳೆಯದು. ಎಳೆಯುವಾಗ ಬೀಳುವ ಭಾರ ಕಮ್ಮಿಯದಲ್ಲ.

ಅಂಡರ್‌ಲೇ (ಕಾರ್ಪೆಟ್ಟಿನ ಅಡಿಗೆ ಹಾಸುವ ಮೆತ್ತನೆಯ ಪದರ) ಪಟ್ಟಿಯ ಅಂಚಿಗೆ ತಾಗಿ ನಿಲ್ಲಬೇಕು, ಮೇಲೆ ಹತ್ತಬಾರದು. ಒಂದು ಕಡೆ ನಯವಾದ ಪ್ಲಾಸ್ಟಿಕ್ ಪದರವಿದ್ದರೆ ಅದು ಮೇಲ್ಮುಖವಾಗಿರಲಿ, ಕಾರ್ಪೆಟ್ ಸಲೀಸಾಗಿ ಜಾರಿ ಎಳೆಸಿಕೊಳ್ಳುತ್ತದೆ. ಮೆತ್ತಗಿದ್ದಷ್ಟೂ ಸುಖ ಅನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ. ತೀರಾ ದಪ್ಪ, ತೀರಾ ಮೆತ್ತಗಿನದು ಪ್ರತಿ ಹೆಜ್ಜೆಗೂ ಕುಗ್ಗಿ ಕಾರ್ಪೆಟ್ಟಿನ ಬೆನ್ನನ್ನೂ ಸೀಮನ್ನೂ ಸಡಿಲ ಮಾಡುತ್ತದೆ. 11 ಮಿ.ಮೀ.ಗಿಂತ ದಪ್ಪ ಬೇಡ.

ಸೀಮ್ ಇದ್ದರೆ ಎಳೆಯುವ ಮುಂಚೆಯೇ ಕೂಡಿಸಿ. ಕತ್ತರಿಸಿದ ಎರಡೂ ಅಂಚಿಗೆ ಸೀಮ್ ಸೀಲರ್ ಎಂಬ ಅಂಟು ಹಚ್ಚದಿದ್ದರೆ ನೂಲು ಒಂದೊಂದಾಗಿ ಬಿಚ್ಚುತ್ತದೆ. ಬಿಸಿಗೆ ಕರಗುವ ಅಂಟಿನ ಸೀಮ್ ಟೇಪನ್ನು ಅಂಟು ಮೇಲಿರುವಂತೆ ಜೋಡಣೆಯ ಕೆಳಗೆ ಹಾಸಿ, ಸೀಮ್ ಇಸ್ತ್ರಿಪೆಟ್ಟಿಗೆಯನ್ನು ನಿಧಾನ ಸರಿಸುತ್ತಾ, ಹಿಂದೆಯೇ ಅಂಚುಗಳನ್ನು ಕೈಯಿಂದ ಕೂಡಿಸಿ ತೂಕ ಇಡುತ್ತಾ ಬನ್ನಿ. ಶಾಖ ಹೆಚ್ಚಾದರೆ ಪಾಲಿಪ್ರೊಪಿಲೀನ್ ಬೆನ್ನು ಸುರುಟಿಕೊಂಡು ಸೀಮ್ ದಿಬ್ಬದಂತೆ ಏಳುತ್ತದೆ. ಅರ್ಧ ಗಂಟೆಯಾದರೂ ಆರಲಿ. ಬಿಸಿಯಿರುವಾಗ ಎಳೆದರೆ ಬಾಯಿ ಬಿಡುತ್ತದೆ.

ಈಗ ಮುಖ್ಯ ಕೆಲಸ. ಮೊಣಕಾಲಿಂದ ಗುದ್ದುವ ನೀ ಕಿಕ್ಕರ್ ಒಂದರಲ್ಲೇ ಇಡೀ ಕೋಣೆ ಮುಗಿಸುವವರಿದ್ದಾರೆ. ಅದು ಅಂಚನ್ನು ಪಟ್ಟಿಗೆ ಸಿಕ್ಕಿಸಲು, ಬೀರುವಿನಷ್ಟು ಜಾಗ ಬಿಗಿ ಮಾಡಲು ಇರುವ ಸಾಧನ. ಕೋಣೆಗೆ ಪವರ್ ಸ್ಟ್ರೆಚರ್ ಬೇಕು, ಅಂದರೆ ಒಂದು ತುದಿ ಗೋಡೆಗೆ ಒರಗಿ, ಇನ್ನೊಂದು ತುದಿಯ ಹಲ್ಲಿನ ತಲೆ ಕಾರ್ಪೆಟ್ಟನ್ನು ಎಳೆಯುವ ಉದ್ದನೆಯ ಸಾಧನ. ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಮೊದಲು ಒಂದು ಮೂಲೆ ಮತ್ತು ಅದಕ್ಕೆ ಕೂಡಿದ ಎರಡು ಗೋಡೆಗಳ ಅಂಚನ್ನು ಕಿಕ್ಕರ್‌ನಲ್ಲಿ ಸಿಕ್ಕಿಸಿಕೊಳ್ಳಿ. ನಂತರ ಸ್ಟ್ರೆಚರಿನ ಬಾಲವನ್ನು ಸಿಕ್ಕಿಸಿದ ಗೋಡೆಯ ಬುಡಕ್ಕೆ ಒಂದು ಹಲಗೆ ಅಡ್ಡವಿಟ್ಟು ಒರಗಿಸಿ. ಹಲಗೆ ಇಲ್ಲದಿದ್ದರೆ ಸ್ಕರ್ಟಿಂಗ್ ಒಡೆಯುತ್ತದೆ. ತಲೆಯನ್ನು ಎದುರು ಗೋಡೆಯಿಂದ 6 ಇಂಚು ಈಚೆ ಇಟ್ಟು ಹಿಡಿ ಒತ್ತಿ. ಹಲ್ಲುಗಳು ನೂಲನ್ನೂ ಬೆನ್ನನ್ನೂ ಹಿಡಿಯಬೇಕು, ಅಂಡರ್‌ಲೇವರೆಗೆ ಇಳಿಯಬಾರದು.

ಎಷ್ಟು ಎಳೆಯಬೇಕು? ಉದ್ದದಲ್ಲೂ ಅಗಲದಲ್ಲೂ ಶೇ. 1ರಿಂದ 1.5. ಅಂದರೆ 14 ಅಡಿಗೆ ಸುಮಾರು 2 ಇಂಚು, 11 ಅಡಿಗೆ ಒಂದೂವರೆ ಇಂಚಿನ ಆಸುಪಾಸು. ಕಣ್ಣಂದಾಜು ಮೋಸ ಮಾಡುತ್ತದೆ. ಎಳೆಯುವ ಮುಂಚೆ ಅಂಚಿನ ಹತ್ತಿರ ಕಾರ್ಪೆಟ್ ಮೇಲೊಂದು, ಅದರ ನೇರಕ್ಕೆ ಗೋಡೆಯ ಮೇಲೊಂದು ಚಾಕ್ ಗುರುತು ಹಾಕಿ, ಎಳೆದ ಮೇಲೆ ಅಂತರ ಅಳೆಯಿರಿ. ಮೈ ತಣ್ಣಗಿದ್ದರೆ ಕಾರ್ಪೆಟ್ ಸೆಟೆದುಕೊಂಡು ಎಳೆತಕ್ಕೆ ಬಗ್ಗದು, ಬೆಚ್ಚಗಾದ ಮೇಲೆ ಸಡಿಲವಾಗುತ್ತದೆ. ಹಿಂದಿನ ದಿನವೇ ಅದೇ ಕೋಣೆಯಲ್ಲಿ ಬಿಡಿಸಿಟ್ಟು, 18 ಡಿಗ್ರಿಗಿಂತ ಮೇಲಿನ ಬಿಸಿಯಲ್ಲೇ ಕೆಲಸ ಮಾಡಿ.

ಕೊನೆಗೆ ಗೋಡೆಯುದ್ದಕ್ಕೂ ಅರ್ಧ ಇಂಚಿಗಿಂತ ತುಸು ಕಡಿಮೆ ಅಂಚು ಉಳಿಸಿ ಕತ್ತರಿಸಿ, ಅಗಲ ಉಳಿಯಂಥ ಸ್ಟೇರ್ ಟೂಲಿನಿಂದ ಸಂದಿಗೆ ತುರುಕಿ. ಬ್ಲೇಡ್ ಆಗಾಗ ಬದಲಿಸಿ, ಮೊಂಡಾದರೆ ಕತ್ತರಿಸುವ ಬದಲು ನೂಲನ್ನು ಕೀಳುತ್ತದೆ. ಬಾಗಿಲಲ್ಲಿ ಲೋಹದ ಪಟ್ಟಿ ಹಾಕಿ. ಕದ ಉಜ್ಜಿದರೆ ಕೆಳಗಿನಿಂದ ಹೆರೆಸಬೇಕು. ಕಾರ್ಪೆಟ್, ಅಂಡರ್‌ಲೇ ಸೇರಿ 20 ಮಿ.ಮೀ. ಆದರೂ ಆಯಿತು, ಆದ್ದರಿಂದ ಇದನ್ನು ಮೊದಲೇ ಅಳೆದಿದ್ದರೆ ಚೆನ್ನ. ಮೇಲೆದ್ದ ನೂಲು ಕಂಡರೆ ಕತ್ತರಿಯಲ್ಲಿ ಕತ್ತರಿಸಿ, ಕೀಳಬೇಡಿ. ಉಳಿದ ತುಂಡಿನಲ್ಲಿ ಎರಡು ಅಡಿಯಷ್ಟನ್ನು ಎತ್ತಿಡಿ, ಮುಂದೆ ಸುಟ್ಟ ಗುರುತಿಗೋ ಕಲೆಗೋ ತೇಪೆ ಹಾಕಲು ಅದೇ ಬಣ್ಣ ಆಗ ಸಿಗುವುದು ಕಷ್ಟ.