ಸ್ವೇಲ್‌ಡೇಲ್ ಕಣಿವೆಯ ಕಲ್ಲುಕೊಟ್ಟಿಗೆಗಳು

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿರುವ ಮ್ಯೂಕರ್ ಎಂಬ ಪುಟ್ಟ ಊರನ್ನು ದಾಟಿ ಸ್ವೇಲ್ ನದಿಯತ್ತ ನಡೆದರೆ, ಹಾಸುಗಲ್ಲಿನ ಕಾಲುದಾರಿಯೊಂದು ಹುಲ್ಲುಗಾವಲುಗಳ ನಡುವೆ ಸಾಗುತ್ತದೆ. ಜೂನ್ ತಿಂಗಳಾದ್ದರಿಂದ ಹುಲ್ಲು ಇನ್ನೂ ಕೊಯ್ಲಾಗಿರಲಿಲ್ಲ; ಅದನ್ನು ತುಳಿಯದಂತೆ ನಾವು ಒಬ್ಬರ ಹಿಂದೊಬ್ಬರಾಗಿ ನಡೆದೆವು. ಎತ್ತ ನೋಡಿದರೂ ಹುಲ್ಲುಗಾವಲಿಗೊಂದರಂತೆ ಕಲ್ಲಿನ ಕೊಟ್ಟಿಗೆ ಕಾಣುತ್ತಿತ್ತು.

ಇವುಗಳಲ್ಲಿ ಹೆಚ್ಚಿನವು ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದ ನಡುವೆ ಕಟ್ಟಿದವು. ಮನೆ ಊರಿನಲ್ಲಿದ್ದರೂ ಕೊಟ್ಟಿಗೆಯನ್ನು ಹುಲ್ಲು ಬೆಳೆಯುವಲ್ಲೇ ಕಟ್ಟಿದ್ದರ ಹಿಂದಿನ ಲೆಕ್ಕಾಚಾರ ನನ್ನನ್ನು ಬಹಳವಾಗಿ ಸೆಳೆಯಿತು. ಬೇಸಿಗೆಯಲ್ಲಿ ಒಣಗಿಸಿದ ಹುಲ್ಲನ್ನು ಕೊಟ್ಟಿಗೆಯ ಅಟ್ಟಕ್ಕೆ ತುಂಬಿ, ಚಳಿಗಾಲದಲ್ಲಿ ಕೆಳಗೆ ಕಟ್ಟಿದ ನಾಲ್ಕಾರು ಹಸುಗಳಿಗೆ ಹಾಕಿ, ವಸಂತದಲ್ಲಿ ಅವುಗಳ ಸಗಣಿಗೊಬ್ಬರವನ್ನು ಅದೇ ಹುಲ್ಲುಗಾವಲಿಗೆ ಹರಡುತ್ತಿದ್ದರು. ಹುಲ್ಲನ್ನೂ ಗೊಬ್ಬರವನ್ನೂ ದೂರ ಹೊರುವ ಶ್ರಮ ತಪ್ಪುತ್ತಿತ್ತು. ಹಿಮದಲ್ಲಿ ದಿನವೂ ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದು ಹಾಲು ಕರೆದು, ಬೆನ್ನಿಗೆ ಕಟ್ಟಿದ ಕ್ಯಾನಿನಲ್ಲಿ ತರುವ ಕಷ್ಟವನ್ನು ಮಾತ್ರ ರೈತನೇ ಹೊರಬೇಕಿತ್ತು.

ಕಟ್ಟಡದ ಮರ್ಮ ತಿಳಿಯಲು ಅರ್ಧ ಕುಸಿದ ಕೊಟ್ಟಿಗೆಯ ಬಳಿ ನಿಂತು ನೋಡಬೇಕು. ಗೋಡೆ ನೋಟಕ್ಕೆ ಒಂದೇ ಆದರೂ ಒಳಗೆ ಎರಡು ಸಾಲುಗಳಿವೆ. ನಡುವಿನ ಪೊಳ್ಳನ್ನು ಸಣ್ಣ ಕಲ್ಲುಚೂರುಗಳಿಂದ ಗಿಡಿದು ತುಂಬಿದ್ದಾರೆ. ಎರಡೂ ಸಾಲುಗಳು ಬೇರೆಬೇರೆಯಾಗಿ ಹೊರಕ್ಕೆ ಬಾಗದಂತೆ, ಅಲ್ಲಲ್ಲಿ ಒಂದು ಮುಖದಿಂದ ಇನ್ನೊಂದು ಮುಖದವರೆಗೆ ಚಾಚುವ ಉದ್ದನೆಯ ಕಲ್ಲುಗಳನ್ನು ಅಡ್ಡಲಾಗಿ ಇಟ್ಟಿದ್ದಾರೆ. ಅವುಗಳ ತುದಿಗಳು ಗೋಡೆಯಿಂದ ಹೊರಚಾಚಿ ಸಾಲುಸಾಲಾಗಿ ಕಾಣುತ್ತವೆ. ಮೂಲೆಗಳಿಗೆ ದೊಡ್ಡ ಕಲ್ಲುಗಳನ್ನೇ ಆರಿಸಿ, ಒಂದು ವರಸೆಯಲ್ಲಿ ಈ ಗೋಡೆಯ ಕಡೆಗೂ ಮುಂದಿನದರಲ್ಲಿ ಆ ಗೋಡೆಯ ಕಡೆಗೂ ಉದ್ದ ಬರುವಂತೆ ಜೋಡಿಸಿದ್ದಾರೆ.

ಮಾಡಿಗೆ ಹೊದಿಸಿರುವುದೂ ಕಲ್ಲನ್ನೇ. ಪದರಪದರವಾಗಿ ಸೀಳುವ ಮರಳುಗಲ್ಲಿನ ಹಲಗೆಗಳಿಗೆ ತೂತು ಕೊರೆದು, ಮರದ ಗೂಟ ತೂರಿಸಿ, ರೀಪುಗಳಿಗೆ ತೂಗುಹಾಕುತ್ತಿದ್ದರು. ಅತಿ ದೊಡ್ಡ ಹಲಗೆಗಳು ಸೂರಿನಂಚಿನಲ್ಲಿದ್ದು, ಮೇಲೇರಿದಂತೆ ಅವುಗಳ ಅಳತೆ ಕಿರಿದಾಗುತ್ತದೆ. ಹೀಗಾಗಿ ಭಾರವಾದ ಕಲ್ಲು ಗೋಡೆಯ ಸಮೀಪವೇ ಉಳಿಯುತ್ತದೆ. ಗಣಿಯಿಂದ ಬಂದ ಸಣ್ಣ ಹಲಗೆಯೂ ವ್ಯರ್ಥವಾಗುವುದಿಲ್ಲ.

1989ರಲ್ಲಿ ಸ್ವೇಲ್‌ಡೇಲ್ ಮತ್ತು ಅದರ ಪಕ್ಕದ ಆರ್ಕೆನ್‌ಗಾರ್ತ್‌ಡೇಲ್ ಕಣಿವೆಗಳ ಕೊಟ್ಟಿಗೆಗಳನ್ನೂ ಕಲ್ಲುಗೋಡೆಗಳನ್ನೂ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಆದರೂ ಹಸುಗಳನ್ನು ದೊಡ್ಡ ಹೊಸ ಕೊಟ್ಟಿಗೆಗಳಲ್ಲಿ ಸಾಕುವ ಈ ಕಾಲದಲ್ಲಿ ಹಳೆಯವುಗಳಲ್ಲಿ ಹಲವಕ್ಕೆ ಕೆಲಸವಿಲ್ಲ. ಗೂಟ ಕೊಳೆತು ಒಂದು ಹಲಗೆ ಜಾರಿದರೆ ಸಾಕು, ಮಳೆನೀರು ರೀಪುಗಳನ್ನೂ ತೊಲೆಗಳನ್ನೂ ಕೊಳೆಸಿ, ಗೋಡೆಯ ನಡುವಿನ ಚೂರುಗಲ್ಲಿಗೆ ಇಳಿದು ಅದನ್ನು ಉಬ್ಬಿಸುತ್ತದೆ. ಆದ್ದರಿಂದ ಮೊದಲು ಮಾಡನ್ನು ಸರಿಪಡಿಸುವುದೇ ಒಳಿತೆಂದು ನನಗೆ ಅನಿಸುತ್ತದೆ. ಮಾಡು ಭದ್ರವಾಗಿದ್ದರೆ ಗೋಡೆಗಳ ದುರಸ್ತಿಗೆ ಕಾಯಲು ಅವಕಾಶವಿರುತ್ತದೆ.