ಚೋಕ್ ಎಳೆದರೆ ಮಾತ್ರ ಓಡುತ್ತಿದ್ದ ಜೀಪು

ಮೂಡಿಗೆರೆ ಸೀಮೆಯ ನಮ್ಮ ಕಾಫಿ ತೋಟದಲ್ಲಿ ಇಂದಿಗೂ ಟ್ರೈಲರ್ ಎಳೆಯುವುದು, ವಿಲ್ಲೀಸ್ ಪರವಾನಗಿಯಡಿ ಮಹೀಂದ್ರ ತಯಾರಿಸಿದ ಸಿಜೆ 3ಬಿ ಪೆಟ್ರೋಲ್ ಜೀಪು. ಅದರ 2199 ಸಿ.ಸಿ.ಯ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಮಿಶ್ರಣವನ್ನು ಒಳಗೊಯ್ಯುವ ಕೊಳವೆ) ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಗೇ ಎರಕಗೊಂಡಿರುವುದರಿಂದ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರ್ ನೇರವಾಗಿ ಹೆಡ್ಡಿನ ಮೇಲೆ ಕುಳಿತಿರುತ್ತದೆ. ಅಪ್ಪಯ್ಯ ಬಳಸುತ್ತಿದ್ದ ಈ ಗಾಡಿಯನ್ನು ಮಳೆಗಾಲದಲ್ಲಿ ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಲ್ಲಿಸಿ, ಮಳೆ ಬಿಟ್ಟ ಮೇಲೆ ಸೆಲ್ಫ್ ಹೊಡೆದಾಗ ಹೊತ್ತಿತೇನೋ ಹೌದು. ಆದರೆ ಚೋಕ್ ಒಳಗೆ ತಳ್ಳಿದ ಕ್ಷಣವೇ ನಿಂತುಬಿಡುತ್ತಿತ್ತು. ಅರ್ಧ ಚೋಕ್ ಎಳೆದುಕೊಂಡು ಹೊರಟರೂ ತೋಟದ ಏರಿನಲ್ಲಿ ಎಳೆತವೇ ಇರಲಿಲ್ಲ.

ನೋಡಲು ಬಂದ ಮೆಕ್ಯಾನಿಕ್ "ಕಾರ್ಬುರೇಟರ್ ಮುಗೀತು ಅಣ್ಣ, ಹೊಸದು ಹಾಕ್ಸಿಬಿಡಿ" ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಕಾರ್ಬುರೇಟರಿನ ಮೇಲೆ ಹೊರಿಸುವ ದೂರುಗಳಲ್ಲಿ ಬಹಳಷ್ಟು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನದೇ ಆಗಿರುತ್ತವೆ. ಆದ್ದರಿಂದ ಮೊದಲು ಅದರೊಳಗಿನ ಪಾಯಿಂಟಿನ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಭಾಗ) ಅಂತರವನ್ನು 0.020 ಇಂಚಿಗೂ ಪ್ಲಗ್ಗಿನ ಅಂತರವನ್ನು 0.030 ಇಂಚಿಗೂ ಸರಿಪಡಿಸಿದೆ. ದೋಷ ಹಾಗೆಯೇ ಉಳಿಯಿತು. ಆದರೆ ಬಿಚ್ಚಿದ ಪ್ಲಗ್ಗುಗಳು ಹುರಿದ ಕಾಫಿಬೀಜದ ಕಂದುಬಣ್ಣದ ಬದಲು ಸುಣ್ಣದಂತೆ ಬೆಳ್ಳಗಿದ್ದವು, ಅಂದರೆ ಉರಿಯುವ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಿತ್ತು. ಚೋಕ್ ಎಂದರೆ ಗಾಳಿಯ ದಾರಿಯನ್ನು ಕಿರಿದಾಗಿಸಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವ ಉಪಾಯ. ಅದನ್ನು ಎಳೆದಾಗ ಮಾತ್ರ ಎಂಜಿನ್ ನೆಮ್ಮದಿಯಾಗಿ ಓಡುವುದಾದರೆ, ಒಂದೋ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಹೆಚ್ಚಿನ ಗಾಳಿ ನುಗ್ಗುತ್ತಿದೆ. ನಮ್ಮ ಜೀಪಿನಲ್ಲಿ ಎರಡೂ ಒಟ್ಟಿಗೇ ಇದ್ದವೆಂಬುದು ಆಮೇಲೆ ತಿಳಿಯಿತು.

ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ, ಎಂಜಿನ್ನಿನ ಪಂಪಿನ ಗಾಜಿನ ಬಟ್ಟಲಿನ ತಳದಲ್ಲಿ ಬೇರೆಯದೇ ಒಂದು ಪದರ ನಿಂತಿತ್ತು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಮತ್ತು ನೀರು ಮಿತಿ ಮೀರಿದಾಗ ಅದರೊಡನೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕಿಗೆ ಇದಕ್ಕಿಂತ ಅನುಕೂಲವಾದ ಹವೆ ಬೇಕಿಲ್ಲ. ಡ್ರೈವರ್ ಸೀಟಿನ ಕೆಳಗಿನ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಮೆತ್ತಗಾಗಿದ್ದ ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಿದೆ.

ಮುಂದಿನ ಪರೀಕ್ಷೆಯೇ ನನಗೆ ನಿಜವಾದ ಸುಳಿವು ಕೊಟ್ಟಿದ್ದು. ಸ್ಲೋ ಸ್ಪೀಡಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಎಂಜಿನ್ ಓಡುವಾಗ ಮಿಶ್ರಣವನ್ನು ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿದರೆ ಅದು ತಡವರಿಸಿ ನಿಲ್ಲಬೇಕು. ಥ್ರಾಟಲ್ ಸ್ಕ್ರೂವನ್ನು ಬಿಗಿಮಾಡಿ ಹೇಗೋ ಉಸಿರಾಡಿಸಿಕೊಂಡಿದ್ದ ನಮ್ಮ ಎಂಜಿನ್ನಿಗೆ ಆ ಸ್ಕ್ರೂ ಒಳಗಿದ್ದರೂ ಒಂದೇ, ಹೊರಗಿದ್ದರೂ ಒಂದೇ. ಅಂದರೆ ಸ್ಲೋ ಸ್ಪೀಡಿಗೆ ಪೆಟ್ರೋಲ್ ಒದಗಿಸುವ ಸಣ್ಣ ತೂತಿನ ಪೈಲಟ್ ಜೆಟ್ಟಿನ ದಾರಿಯಲ್ಲಿ ಪೆಟ್ರೋಲೇ ಹರಿಯುತ್ತಿರಲಿಲ್ಲ. ಕಾರ್ಬುರೇಟರ್ ಬಿಚ್ಚಿದಾಗ, ಅದರಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಕೋಣೆಯ ತಳದಲ್ಲಿ ಬಿಳಿ ಪುಡಿ ಕೂತಿತ್ತು, ಪೈಲಟ್ ಜೆಟ್ಟಿನ ತೂತು ಸಂಪೂರ್ಣ ಮುಚ್ಚಿಹೋಗಿತ್ತು.

ಜೆಟ್ಟಿಗೆ ಸೂಜಿಯನ್ನಾಗಲಿ ಉಕ್ಕಿನ ತಂತಿಯನ್ನಾಗಲಿ ತೂರಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಹಿತ್ತಾಳೆ ಮೆತ್ತನೆಯ ಲೋಹ, 1.20 ಮಿ.ಮೀ. ತೂತು ಸವೆದು 1.25 ಆದರೆ ವ್ಯತ್ಯಾಸ ತೆಳುವಾದ ಕೂದಲೆಳೆಯಷ್ಟೇ ಕಂಡರೂ ಹರಿವಿನ ಕ್ಷೇತ್ರ ಶೇ. 8.5ರಷ್ಟು ಹೆಚ್ಚುತ್ತದೆ. ಜೆಟ್ಟನ್ನು ಒಂದು ರಾತ್ರಿ ಕ್ಲೀನರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಪೆಟ್ರೋಲ್ ಹರಿಯುವ ದಿಕ್ಕಿಗೆ ಎದುರಾಗಿ ಗಾಳಿ ಊದಿದಾಗ ಅದು ತೆರೆದುಕೊಂಡಿತು. ಆ ಕೋಣೆಯಲ್ಲಿ ತೇಲಿ ಪೆಟ್ರೋಲಿನ ಮಟ್ಟ ಕಾಯುವ ಟೊಳ್ಳಾದ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ನೋಡಿದೆ. ಗುಳ್ಳೆ ಏಳಲಿಲ್ಲ, ಆದ್ದರಿಂದ ಅದರಲ್ಲಿ ತೂತಿರಲಿಲ್ಲ. ಆ ನೀರನ್ನು ಅಡುಗೆಮನೆಯಲ್ಲಿ ಕಾಯಿಸಿ ಶೆಡ್ಡಿಗೆ ತಂದಿದ್ದೆ, ಏಕೆಂದರೆ ಪೆಟ್ರೋಲ್ ಬಿಚ್ಚಿಟ್ಟ ಜಾಗದಲ್ಲಿ ಒಲೆ ಹಚ್ಚುವ ಮಾತೇ ಇಲ್ಲ.

ಮತ್ತೆ ಜೋಡಿಸಿದ ಮೇಲೆ ಚೋಕಿಲ್ಲದೆಯೇ ಓಡಿತಾದರೂ ಸ್ಲೋ ಸ್ಪೀಡ್ ಏರಿಳಿಯುತ್ತಲೇ ಇತ್ತು. ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಇರುವ ಈ ಎಂಜಿನ್ನಿನಲ್ಲಿ ಗಾಳಿ ಸೋರುವ ಜಾಗಗಳು ಕಡಿಮೆ, ಹಾಗಾಗಿ ನನ್ನ ಅನುಮಾನ ಕಾರ್ಬುರೇಟರಿನ ಬುಡಕ್ಕೇ ಹೋಯಿತು. ಆ ಸಂದಿಗೆ ಬ್ರಷ್ಷಿನಿಂದ ಎಂಜಿನ್ ಆಯಿಲ್ ಸವರಿದಾಗ ಒಂದೆರಡು ಕ್ಷಣ ಎಂಜಿನ್ ಸ್ಥಿರವಾಗಿ ನಿಂತು, ಆಯಿಲ್ ಒಳಕ್ಕೆ ಎಳೆದುಕೊಂಡ ಮೇಲೆ ಮತ್ತೆ ತಡವರಿಸಿತು. ವರ್ಷಗಟ್ಟಲೆ ಎರಡು ನಟ್ಟುಗಳನ್ನು ಬಲವಾಗಿ ಬಿಗಿದು ಬಿಗಿದು ಕಾರ್ಬುರೇಟರಿನ ಬುಡದ ಚಪ್ಪಟೆ ಅಂಚಾದ ಫ್ಲಾಂಜಿನ ಕಿವಿಗಳು ಬಾಗಿದ್ದವು. ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಹಾಸಿ, ಇಡೀ ಮುಖ ಒಂದೇ ಬಣ್ಣಕ್ಕೆ ಬರುವವರೆಗೆ ನಿಧಾನವಾಗಿ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಒಂದೂವರೆ ಸುತ್ತು ಹೊರಗಿಟ್ಟಿದ್ದ ಮಿಕ್ಸ್ಚರ್ ಸ್ಕ್ರೂವನ್ನು ಅತ್ತಿತ್ತ ತಿರುಗಿಸಿ, ಎಂಜಿನ್ ಅತಿ ವೇಗವಾಗಿ ಓಡುವ ಜಾಗದಲ್ಲಿ ಬಿಟ್ಟು, ಸ್ಲೋ ಸ್ಪೀಡನ್ನು ನಿಮಿಷಕ್ಕೆ 600 ಸುತ್ತುಗಳ ಆಸುಪಾಸಿಗೆ ಇಳಿಸಿದೆ. ಏರಿನಲ್ಲಿ ಮಾತ್ರ ಪ್ಲಗ್ ಇನ್ನೂ ತುಸು ಬಿಳುಪಾಗಿಯೇ ಇತ್ತು. ಶುದ್ಧ ಪೆಟ್ರೋಲಿನ ಒಂದು ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು, ಶೇ. 20 ಎಥನಾಲ್ ಬೆರೆತದ್ದಕ್ಕೆ ಸುಮಾರು 13.5 ಸಾಕು, ಹಳೆಯ ಪೆಟ್ರೋಲಿಗೆಂದು ಕೊರೆದ ಜೆಟ್ ಇಂದಿನ ಪೆಟ್ರೋಲಿನಲ್ಲಿ ಕೊಂಚ ಹಸಿದೇ ಇರುತ್ತದೆ. ಆದ್ದರಿಂದ 120ರ (ಅಂದರೆ 1.20 ಮಿ.ಮೀ. ತೂತಿನ) ಮುಖ್ಯ ಜೆಟ್ ತೆಗೆದು 125ರದ್ದನ್ನು ಹಾಕಿದೆ. ಆದರೆ ಕೊಳೆಯನ್ನೂ ಗಾಳಿಯ ಸೋರಿಕೆಯನ್ನೂ ಸರಿಪಡಿಸುವ ಮೊದಲೇ ಜೆಟ್ ದೊಡ್ಡದು ಮಾಡಿದ್ದರೆ, ಮೂಲದೋಷ ಎಲ್ಲಿತ್ತೆಂಬುದು ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಈಗ ಕಾಫಿ ಕೊಯ್ಲಿನ ಮೂಟೆಗಳನ್ನು ಹೊತ್ತ ಟ್ರೈಲರಿನೊಡನೆ ಜೀಪು ಎರಡನೇ ಗೇರಿನಲ್ಲಿಯೇ ಏರು ಹತ್ತುತ್ತಿದೆ. ಮುಂಗಾರಿಗೆ ಮುನ್ನ ಅದನ್ನು ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿಯೂ ಫ್ಲೋಟ್ ಕೋಣೆಯಲ್ಲಿಯೂ ಉಳಿದ ಪೆಟ್ರೋಲ್ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆಯೇ ಶೆಡ್ಡಿನ ಬಾಗಿಲು ಹಾಕುವೆನು.